ಉಣ್ಣದ ಮೀನಿಗೆ ಗಾಳ

ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಸಾಲ್ಮನ್ ಹಿಡಿಯುವ ಕಾಲ ಜನವರಿ 15ಕ್ಕೆ ತೆರೆಯುತ್ತದೆ. ಅದು ಇನ್ನೂ ಗಟ್ಟಿ ಚಳಿಗಾಲ. ಬೆಳಿಗ್ಗೆ ಎಂಟೂವರೆಗೆ ಬೆಳಕು ಹರಿದರೆ ಸಂಜೆ ನಾಲ್ಕಕ್ಕೆಲ್ಲ ಮುಗಿದೇಹೋಯಿತು. ಲಾಕ್ ಟೇ ಸರೋವರದಿಂದ ನದಿ ಹೊರಬೀಳುವ ಕೆನ್ಮೋರ್ ಹಳ್ಳಿಯಲ್ಲಿ ಆ ದಿನ ಬ್ಯಾಗ್‌ಪೈಪ್ ಊದಿಕೊಂಡು ಮೆರವಣಿಗೆ ಬರುತ್ತದೆ. ದೋಣಿಯ ಮೂತಿಗೆ ವಿಸ್ಕಿ ಸುರಿಯುತ್ತಾರೆ. ಆಮೇಲೆ ವರ್ಷದ ಮೊದಲ ಗಾಳ ನೀರಿಗೆ ಬೀಳುತ್ತದೆ. ಹೊಳೆಗೆ ಬಾಗಿನ ಬಿಡುವ ಸೀಮೆಯಿಂದ ಬಂದ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ವಿಚಿತ್ರ ಕಂಡದ್ದು ಬೇರೆ. ಇಷ್ಟು ಸಡಗರದಿಂದ ಹಿಡಿಯಹೊರಟ ಮೀನು ನದಿಯಲ್ಲಿ ಏನನ್ನೂ ತಿನ್ನುವುದಿಲ್ಲ. ಹಿಡಿದವರೂ ಅದನ್ನು ತಿನ್ನುವಂತಿಲ್ಲ.

ಮೊದಲನೆಯದು ಮೀನಿನ ಹುಟ್ಟುಗುಣ. ಅಟ್ಲಾಂಟಿಕ್ ಸಾಲ್ಮನ್ ಹುಟ್ಟುವುದು ನದಿಯ ನೆತ್ತಿಯ ಪುಟ್ಟ ಹಳ್ಳಗಳಲ್ಲಿ. ಸಾಮಾನ್ಯವಾಗಿ ಎರಡು ಮೂರು ವರ್ಷ ಅಲ್ಲೇ ಬೆರಳುದ್ದದ ಮರಿಯಾಗಿದ್ದು, ಒಂದು ಏಪ್ರಿಲ್ ಮೇ ಹೊತ್ತಿಗೆ ಮೈಗೆಲ್ಲ ಬೆಳ್ಳಿ ಬಣ್ಣ ಬಂದು ಕಡಲಿಗೆ ಇಳಿಯುತ್ತದೆ. ಫೆರೋ ದ್ವೀಪಗಳ ಸುತ್ತ, ನಾರ್ವೆಯ ಕಡಲಲ್ಲಿ, ಗ್ರೀನ್‌ಲ್ಯಾಂಡಿನ ಪಡುವಣ ತೀರದವರೆಗೂ ಹೋಗಿ ಮೇಯ್ದು ಕೊಬ್ಬಿ, ಹುಟ್ಟಿದ ಹಳ್ಳದ ವಾಸನೆ ಹಿಡಿದು ಮರಳುತ್ತದೆ. ಸಿಹಿನೀರಿಗೆ ಬಂದದ್ದೇ ಊಟ ಬಿಡುತ್ತದೆ. ಮೊಟ್ಟೆಯಿಡುವುದು ನವೆಂಬರ್ ಹೊತ್ತಿಗೆ. ಹೆಚ್ಚಿನ ಮೀನು ಬೇಸಿಗೆಯಲ್ಲೋ ಶರತ್ಕಾಲದಲ್ಲೋ ಬರುತ್ತವೆ. ಕೆಲವು ಮಾತ್ರ ಜನವರಿ, ಫೆಬ್ರವರಿ, ಮಾರ್ಚಿನಲ್ಲೇ ನದಿ ಹೊಕ್ಕು, ಎಂಟು ಹತ್ತು ತಿಂಗಳು ಮೈಯ ಕೊಬ್ಬನ್ನೇ ಕರಗಿಸಿಕೊಂಡು ಕಾಯುತ್ತವೆ. ಇವನ್ನು ಸ್ಪ್ರಿಂಗರ್ ಎನ್ನುತ್ತಾರೆ. ಇವುಗಳ ಗುರಿ ಸಾಮಾನ್ಯವಾಗಿ ನದಿಯ ಅತಿ ಮೇಲಿನ, ಅತಿ ತಣ್ಣನೆಯ ಕವಲುಗಳು. ದಾರಿ ದೂರ, ನಡುವೆ ಬಂಡೆ, ಜಲಪಾತ, ಅಣೆಕಟ್ಟು. ಆದ್ದರಿಂದಲೇ ಬೇಗ ಹೊರಡುತ್ತವೆ.

ಎರಡನೆಯದು ಕಾನೂನು. 2015ರಿಂದ ಸ್ಕಾಟ್ಲೆಂಡಿನ ಯಾವ ನದಿಯಲ್ಲೇ ಆಗಲಿ, ಏಪ್ರಿಲ್ 1ಕ್ಕೆ ಮುಂಚೆ ಗಾಳಕ್ಕೆ ಬಂದ ಸಾಲ್ಮನ್ ಮೀನನ್ನು ನೀರಿಗೆ ಮರಳಿ ಬಿಡಲೇಬೇಕು. ಭಾನುವಾರ ಸಾಲ್ಮನ್‌ಗೆ ಗಾಳ ಹಾಕುವಂತೆಯೇ ಇಲ್ಲ.

ನಾನು ತೀರ್ಥಹಳ್ಳಿ ಕಡೆಯವಳು. ಡಂಡೀ ನಗರದ ಆಸ್ಪತ್ರೆಯೊಂದರ ಪ್ರಯೋಗಾಲಯಕ್ಕೆ ಕೆಲಸಕ್ಕೆಂದು ಬಂದಾಗ ಟೇ ನನ್ನ ಮಟ್ಟಿಗೆ ನದಿಯೇ ಆಗಿರಲಿಲ್ಲ. ಡಂಡೀ ಇರುವುದು ಅದರ ಅಳಿವೆಯ ದಂಡೆಯಲ್ಲಿ. ಅಲ್ಲಿ ಕಾಣುವುದು ಉಬ್ಬರ ಇಳಿತದ ಬೂದು ನೀರು, ಉದ್ದನೆಯ ರೈಲು ಸೇತುವೆ, ಅದರಾಚೆ ಕಡಲು. ಹರಿವ ನೀರಿನ ಸದ್ದಿಲ್ಲದೆ ನಿದ್ದೆ ಬಾರದ ಜನ ನಾವು. ಒಂದು ಫೆಬ್ರವರಿ ಶನಿವಾರ ಬಸ್ಸು ಹತ್ತಿ ಪರ್ತ್ ದಾಟಿ ಡಂಕೆಲ್ಡ್‌ವರೆಗೆ ಹೋದೆ. ಥಾಮಸ್ ಟೆಲ್ಫರ್ಡ್ ಕಟ್ಟಿದ 1809ರ ಕಲ್ಲುಸೇತುವೆ ಅಲ್ಲಿದೆ. ಅದರ ಮೇಲೆ ನಿಂತು ಕೆಳಗೆ ನೋಡಿದರೆ ಕಂದು ಬಣ್ಣದ ತಿಳಿನೀರು, ತಳದ ಗುಂಡುಕಲ್ಲು, ಬಂಡೆಯ ಹಿಂದೆ ತಿರುಗುವ ಸುಳಿ, ಅದರ ಕೆಳಗೆ ಆಳದ ಗುಂಡಿ. ನೀರಿನ ಮಟ್ಟಿಗೆ ಬ್ರಿಟನ್ನಿನ ನದಿಗಳಲ್ಲೇ ಟೇ ದೊಡ್ಡದು. ಆದರೆ ಇಲ್ಲಿ ಅದು ನನಗೆ ಗುರುತಿದ್ದ ಹೊಳೆ. ಕೆಳಗೆ ಒಬ್ಬ ಹೆಂಗಸು ಸೊಂಟದವರೆಗಿನ ನೀರಲ್ಲಿ ನಿಂತು, ತನ್ನ ಎರಡೂವರೆ ಆಳುದ್ದದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಹುರಿಯನ್ನು ನದಿಯ ನಡುವಿಗೆ ಎಸೆಯುತ್ತಿದ್ದಳು. ಎಸೆದು, ಅದು ಹರಿವಿನಲ್ಲಿ ತೇಲಿ ದಂಡೆಗೆ ಬರುವವರೆಗೆ ಕಾದು, ಎರಡು ಹೆಜ್ಜೆ ಕೆಳಗೆ ಸರಿದು, ಮತ್ತೆ ಎಸೆದಳು. ನನ್ನ ಬಸ್ಸು ಹೋಯಿತು. ಮುಂದಿನದೂ ಹೋಯಿತು. ಆಕೆಗೆ ಒಂದೂ ಮೀನು ಸಿಗಲಿಲ್ಲ. ಅವಳ ಮುಖದಲ್ಲಿ ಬೇಸರವೂ ಇರಲಿಲ್ಲ. ಇದನ್ನು ಕಲಿಯಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಟೇ ನದಿಯ ದಂಡೆ ಬೀಟು ಎಂಬ ತುಂಡುಗಳಾಗಿ ಹಂಚಿಹೋಗಿದೆ. ಒಂದೊಂದಕ್ಕೂ ಒಡೆಯರಿದ್ದಾರೆ, ದಿನಕ್ಕಿಷ್ಟು ಎಂದು ಬಾಡಿಗೆ ಇದೆ. ಮೀನು ಹೆಚ್ಚು ಬರುವ ಶರತ್ಕಾಲದ ವಾರಗಳ ಬಾಡಿಗೆ ನನ್ನ ಸಂಬಳಕ್ಕೆ ಎಟುಕುವಂಥದ್ದಲ್ಲ. ಫೆಬ್ರವರಿ ಮಾರ್ಚಿನಲ್ಲಿ ಮೀನೂ ಕಡಿಮೆ, ಹಣವೂ ಕಡಿಮೆ. ಹೀಗಾಗಿ ಚಳಿಯ ತಿಂಗಳುಗಳು ನನ್ನ ಪಾಲಿಗೆ ಬಂದವು. ಇಂದು ಯಾರಾದರೂ ಸೆಪ್ಟೆಂಬರಿನ ಒಂದು ವಾರವನ್ನು ಪುಕ್ಕಟೆ ಕೊಟ್ಟರೂ ಅದಕ್ಕೆ ನನ್ನ ಮಾರ್ಚನ್ನು ಬಿಟ್ಟುಕೊಡಲಾರೆ.

ಕಲಿಸಿದವರು ನಾನು ಬಾಡಿಗೆಗೆ ಹಿಡಿದ ಬೀಟಿನ ಗಿಲ್ಲಿ. ನದಿ ಕಾಯುವುದು, ದೋಣಿ ನಡೆಸುವುದು, ಬಂದವರಿಗೆ ಮೀನು ಎಲ್ಲಿದೆ ಎಂದು ತೋರಿಸುವುದು ಗಿಲ್ಲಿಯ ಕೆಲಸ. ನನ್ನ ಗುರುಗಳಿಗೆ ಆಗಲೇ ಅರವತ್ತು ದಾಟಿತ್ತು. ಅವರ ತಂದೆಯೂ ಅದೇ ನದಿಯಲ್ಲಿ ದೋಣಿ ನಡೆಸಿದವರು. ಮಾತು ಕಡಿಮೆ. ಬೆಳಿಗ್ಗೆ ಹೋದೊಡನೆ ಅವರು ಮಾಡುತ್ತಿದ್ದ ಮೊದಲ ಕೆಲಸ ನೀರಿಗೆ ಉಷ್ಣಮಾಪಕ ಇಳಿಸುವುದು. ನಾಲ್ಕು ಡಿಗ್ರಿ ಇದ್ದರೆ ಅಂದಿನ ದಿನವೆಲ್ಲ ಹೇಗೆ ನಡೆಯಬೇಕೆಂಬುದು ಅಲ್ಲಿಗೆ ತೀರ್ಮಾನವಾಗುತ್ತಿತ್ತು. ಅಂಥ ನೀರಿನಲ್ಲಿ ಸಾಲ್ಮನ್ ಜಲಪಾತ ಹತ್ತುವುದಿಲ್ಲ, ಆಳದ ಗುಂಡಿಗಳಲ್ಲಿ ತಳಹಿಡಿದು ನಿಲ್ಲುತ್ತದೆ. ಗಾಳವನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಗಾಳವೇ ಅದರ ಮೂಗಿನ ಮುಂದೆ ನಿಧಾನಕ್ಕೆ ಹಾಯಬೇಕು. ಆದ್ದರಿಂದ ಮುಳುಗುವ ಹುರಿ, ತುದಿಗೆ ಹಿತ್ತಾಳೆ ಕೊಳವೆಗೆ ಕಪ್ಪು ಹಳದಿ ಕಿತ್ತಳೆ ರೋಮ ಕಟ್ಟಿದ ಎರಡಂಗುಲದ ಫ್ಲೈ. ಅದರ ಹೆಸರು ವಿಲ್ಲಿ ಗನ್. ಅದು ಬಡಗಣ ಸ್ಕಾಟ್ಲೆಂಡಿನ ಬ್ರೋರಾ ನದಿ ಕಾಯುತ್ತಿದ್ದವರೊಬ್ಬರ ಹೆಸರು. ಕಡಲ ಯಾವ ಜೀವಿಯನ್ನೂ ಅದು ನಿಜವಾಗಿ ಹೋಲುವುದಿಲ್ಲ. ಉಣ್ಣದ ಮೀನು ಅದನ್ನು ಏಕೆ ಕಚ್ಚುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರವಿಲ್ಲ. ಕೋಪದಿಂದ ಎನ್ನುವವರಿದ್ದಾರೆ, ಕಡಲಲ್ಲಿ ಮೇಯ್ದ ಅಭ್ಯಾಸಬಲದಿಂದ ಎನ್ನುವವರಿದ್ದಾರೆ. ಗಿಲ್ಲಿಯವರು ಕೇಳಿದಾಗೆಲ್ಲ ತಲೆಯಾಡಿಸಿ, ಮುಂದಿನ ಎಸೆತಕ್ಕೆ ಕೋಲು ಎತ್ತು ಎನ್ನುತ್ತಿದ್ದರು.

ಎಸೆತವನ್ನು ಕಲಿಯುವುದಕ್ಕೇ ಒಂದು ಚಳಿಗಾಲ ಹೋಯಿತು. ಟೇ ದಂಡೆಯಲ್ಲಿ ಬೆನ್ನಿಗೆ ಮರಗಳಿರುತ್ತವೆ, ಹುರಿಯನ್ನು ಹಿಂದಕ್ಕೆ ಬೀಸುವಂತಿಲ್ಲ. ಅದಕ್ಕೆ ಸ್ಪೇ ನದಿಯ ಜನ ಕಂಡುಕೊಂಡ ಉಪಾಯವಿದೆ. ಹುರಿಯನ್ನು ನೀರ ಮೇಲಿಂದ ಮೆಲ್ಲಗೆ ಎತ್ತಿ, ಪಕ್ಕಕ್ಕೆ ಗುಡಿಸಿದಂತೆ ತಂದು, ಅದರ ತುದಿ ನೀರನ್ನು ಮುಟ್ಟಿಕೊಂಡೇ ಇರುವಾಗ ಹೆಗಲ ಹಿಂದೆ ಅದು ಬಿಲ್ಲಿನಂತೆ ಬಾಗಬೇಕು. ಆ ಬಾಗಿನ ಭಾರವೇ ಕೋಲನ್ನು ಮಣಿಸುತ್ತದೆ. ಆಮೇಲೆ ಮೇಲಿನ ಕೈ ಸುಮ್ಮನಿದ್ದು, ಕೆಳಗಿನ ಕೈ ಹೊಟ್ಟೆಯ ಕಡೆಗೆ ಎಳೆದರೆ ಮೂವತ್ತು ಗಜ ಹುರಿ ನೀರಿನ ಮೇಲೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಗಾಳಿ ಹೊಳೆಯ ಮೇಲ್ಮುಖವಾಗಿ ಬೀಸುತ್ತಿದ್ದರೆ ಹುರಿಯ ತುದಿ ನನ್ನ ಮೇಲ್ಬದಿಗೆ ಬೀಳಬೇಕು, ಕೆಳಮುಖವಾಗಿದ್ದರೆ ಕೆಳಬದಿಗೆ. ಇದನ್ನು ಮರೆತರೆ ಗಾಳಿ ಗಾಳವನ್ನು ತಂದು ನೇರ ಮುಖಕ್ಕೆ ಹೊಡೆಯುತ್ತದೆ. ಬಲ ಹಾಕಿದಷ್ಟೂ ಎಸೆತ ಕೆಡುತ್ತದೆ. ಗಿಲ್ಲಿಯವರು ನನ್ನ ಮೊಣಕೈಯನ್ನು ಪಕ್ಕೆಗೆ ಒತ್ತಿಹಿಡಿದು, “ಅವಸರ ಯಾರಿಗೆ? ಮೀನಿಗಂತೂ ಇಲ್ಲ” ಎನ್ನುತ್ತಿದ್ದರು.

ಕೋಲಿನ ಬಳೆಗಳಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ನಾಲ್ಕು ಎಸೆತಕ್ಕೊಮ್ಮೆ ಕೋಲಿನ ತುದಿಯನ್ನು ನೀರಲ್ಲಿ ಅದ್ದಿ ಕರಗಿಸಿಕೊಳ್ಳಬೇಕು. ಬೆರಳ ತುದಿಗಳು ಮೊದಲು ಉರಿಯುತ್ತವೆ, ಆಮೇಲೆ ಇಲ್ಲವೇ ಇಲ್ಲ ಎನ್ನಿಸುತ್ತವೆ. ಎದೆಮಟ್ಟದ ರಬ್ಬರು ಉಡುಪಿನೊಳಗೂ ಚಳಿ ಮೂಳೆಗೆ ಇಳಿಯುತ್ತದೆ. ಎಸೆತ, ತೇಲು, ಎರಡು ಹೆಜ್ಜೆ. ಆದರೂ ಕಾಲ ಹೋದದ್ದು ತಿಳಿಯುವುದಿಲ್ಲ. ಹೆಜ್ಜೆ ಹೆಜ್ಜೆಗೂ ಕೆಳಗಿನ ಕಲ್ಲು ಬೇರೆ, ನೀರಿನ ಸೆಳೆತ ಬೇರೆ. ಕಾಲೇ ನದಿಯ ನಕ್ಷೆಯನ್ನು ಬರೆದುಕೊಳ್ಳುತ್ತ ಹೋಗುತ್ತದೆ. ಬಂಡೆಗಳ ಮೇಲೆ ಡಿಪ್ಪರ್ ಹಕ್ಕಿ ಬಗ್ಗಿ ಬಗ್ಗಿ ಏಳುತ್ತದೆ, ಸಟ್ಟನೆ ನೀರಿನೊಳಗೇ ನಡೆದುಹೋಗುತ್ತದೆ. ಫೆಬ್ರವರಿ ಕೊನೆಗೆ ಕಡಲ ಕಡೆಯಿಂದ ಆಯ್ಸ್ಟರ್‌ಕ್ಯಾಚರ್ ಹಕ್ಕಿಗಳು ಕೂಗಿಕೊಂಡು ಮೇಲಿನ ಹೊಲಗಳಿಗೆ ಬರುತ್ತವೆ. ಆ ಕೂಗು ಕೇಳಿದ ದಿನ ಗಿಲ್ಲಿಯವರು ಉಷ್ಣಮಾಪಕ ನೋಡದೆಯೇ, ಮೀನು ಕದಲುತ್ತದೆ ಎನ್ನುತ್ತಿದ್ದರು.

ಆ ಚಳಿಯಲ್ಲಿ ಮೊದಲು ಸಿಗುವುದು ಬಹುಮಟ್ಟಿಗೆ ಕೆಲ್ಟ್. ಹಿಂದಿನ ನವೆಂಬರಿನಲ್ಲಿ ಮೊಟ್ಟೆಯಿಟ್ಟು ಮುಗಿಸಿ, ಬಡಕಲಾಗಿ ಕಡಲಿಗೆ ಇಳಿಯುತ್ತಿರುವ ಮೀನು ಅದು. ಮೈ ಮತ್ತೆ ಬೆಳ್ಳಿಯಾಗಿರುತ್ತದೆ, ಆದ್ದರಿಂದ ಹೊಸಬರ ಕಣ್ಣಿಗೆ ಹೊಸ ಮೀನೇ. ಗಿಲ್ಲಿಯವರು ನೋಡುವ ಗುರುತುಗಳನ್ನು ಒಂದೊಂದಾಗಿ ತೋರಿಸಿದರು: ತಲೆ ದೊಡ್ಡದು ಮೈ ಸಣ್ಣದು, ಹೊಟ್ಟೆ ಒಳಸೇರಿದೆ, ಈಜುರೆಕ್ಕೆಗಳ ಅಂಚು ಹರಿದಿದೆ, ಕಿವಿರಿನಲ್ಲಿ ಬಿಳಿಯ ಹುಳುಗಳಿವೆ. ಬಹಳಷ್ಟು ಸಾಲ್ಮನ್ ಮೊಟ್ಟೆಯಿಟ್ಟ ಮೇಲೆ ಸಾಯುತ್ತವೆ. ಬದುಕಿ ಕಡಲು ಮುಟ್ಟಿ ಇನ್ನೊಂದು ಸಲ ಬರುವುವು ತೀರ ಕಡಿಮೆ. ಕೆಲ್ಟನ್ನು ಯಾವ ಕಾಲದಲ್ಲಿ ಹಿಡಿದರೂ ಬಿಡಲೇಬೇಕು, ಅದು ಹಳೆಯ ಕಾನೂನು. ಗಿಲ್ಲಿಯವರು ಅವನ್ನು ಬಿಡುವಾಗ ಹೊಸ ಮೀನಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿಂದ ಮೇಲೆತ್ತದೆ, ತಲೆಯನ್ನು ಹರಿವಿಗೆ ಎದುರಾಗಿಟ್ಟು, ಬಾಲದ ಬುಡ ಹಿಡಿದು ನಿಲ್ಲುತ್ತಿದ್ದರು. ಅದು ತಾನೇ ಒದ್ದುಕೊಂಡು ಹೋಗಬೇಕು, ನಾವು ತಳ್ಳಬಾರದು. ಬಾಣಂತಿಯ ಆರೈಕೆ ಮಾಡುವವರಂತೆ ಆ ದೊಡ್ಡ ಕೈಗಳು ಮೃದುವಾಗುತ್ತಿದ್ದವು.

ನನ್ನ ಮೊದಲ ಸ್ಪ್ರಿಂಗರ್ ಒಂದು ಮಾರ್ಚ್ ಮಧ್ಯಾಹ್ನ ಬಂತು. ಸಾಲ್ಮನ್ ಗಾಳ ಮುಟ್ಟಿದಾಗ ಮಾಡಬೇಕಾದದ್ದು ಏನೂ ಇಲ್ಲ, ಕಷ್ಟವಿರುವುದೇ ಅಲ್ಲಿ. ಮೀನು ಫ್ಲೈಯನ್ನು ಬಾಯಿಗೆ ಹಾಕಿಕೊಂಡು ತನ್ನ ಜಾಗಕ್ಕೆ ತಿರುಗುವಾಗ ಗಾಳ ಬಾಯಿಯ ಮೂಲೆಗೆ ತಾನೇ ಕೂರುತ್ತದೆ. ಆತುರದಿಂದ ಎಳೆದರೆ ಕಿತ್ತುಬರುತ್ತದೆ. ಹುರಿ ಮೊದಲು ನಿಂತಿತು, ಕಲ್ಲಿಗೆ ಸಿಕ್ಕಿತೇನೋ ಎಂಬಂತೆ. ಆಮೇಲೆ ಬೆರಳಲ್ಲಿ ಸಡಿಲ ಹಿಡಿದಿದ್ದ ಸುತ್ತು ಮೆಲ್ಲನೆ ಜಾರಿಹೋಯಿತು. ರೀಲು ತಿರುಗತೊಡಗಿದ ಮೇಲೆ ಕೋಲು ಎತ್ತಿದೆ. ದಂಡೆಗೆ ತಂದಾಗ ಅದರ ಬಾಲದ ಹತ್ತಿರ ಕಡಲಹೇನುಗಳಿದ್ದವು, ಒಂದೊಂದರ ಹಿಂದೆಯೂ ಉದ್ದನೆಯ ಎಳೆ. ಸಿಹಿನೀರಲ್ಲಿ ಎರಡು ದಿನ ಕಳೆಯುವುದರೊಳಗೆ ಆ ಎಳೆಗಳು ಉದುರುತ್ತವಂತೆ. ಅಂದರೆ ಮೊನ್ನೆ ಕಡಲಲ್ಲಿದ್ದ ಮೀನು. ಬೆನ್ನು ಕಡುನೀಲಿ, ಪಕ್ಕೆ ಹೊಸ ಪಾತ್ರೆಯ ಬಿಳುಪು, ಇಡೀ ಮೈಯಲ್ಲಿ ಒಂದು ಗೀರಿಲ್ಲ. ಹತ್ತು ಪೌಂಡು ಇರಬಹುದು ಎಂದರು. ತೂಗಲಿಲ್ಲ. ಬಾಲ ಹಿಡಿದು ನಿಂತೆ. ಅದು ಒದ್ದ ಒದೆತ ಮೊಣಕೈವರೆಗೆ ಏರಿತು, ಅಷ್ಟರಲ್ಲಿ ಕೈ ಖಾಲಿ.

ಆ ಸಂಜೆ ಒಲೆ ಹಚ್ಚಿದ ಗುಡಿಸಲಿನಲ್ಲಿ ಗಿಲ್ಲಿಯವರು ಜಾರ್ಜಿನಾ ಬ್ಯಾಲಂಟೈನ್ ಕತೆ ಹೇಳಿದರು. 1922ರ ಅಕ್ಟೋಬರ್ 7ರಂದು ಈ ನದಿಯ ಗ್ಲೆಂಡೆಲ್ವೈನ್ ಬೀಟಿನಲ್ಲಿ, ದೋಣಿ ನಡೆಸುವ ತಂದೆ ಜೇಮ್ಸ್ ಜೊತೆ ಇದ್ದಾಗ, ಆಕೆಯ ಗಾಳಕ್ಕೆ 64 ಪೌಂಡಿನ ಸಾಲ್ಮನ್ ಬಂತು. ಬ್ರಿಟನ್ನಿನಲ್ಲಿ ಕೋಲಿಗೆ ಬಂದ ಅತಿದೊಡ್ಡ ಸಾಲ್ಮನ್ ಎಂಬ ದಾಖಲೆ ನೂರು ವರ್ಷ ದಾಟಿದರೂ ಹಾಗೇ ಇದೆ. ಅದು ಫ್ಲೈಗೆ ಬಂದ ಮೀನಲ್ಲ, ಎರೆಮೀನಿಗೆ ಬಂದದ್ದು. ಕತ್ತಲಾದ ಮೇಲೂ ಎರಡು ಗಂಟೆಯಷ್ಟು ಹೊತ್ತು ಕಾದಾಡಿ ದೋಣಿಗೆ ತಂದರಂತೆ. ಆ ಮೀನನ್ನು ಪರ್ತ್ ನಗರದ ಆಸ್ಪತ್ರೆಗೆ ಕೊಟ್ಟರು, ರೋಗಿಗಳೂ ಕೆಲಸದವರೂ ಉಂಡರು. ಒಂದು ಮೀನು ಊರ ಆಸ್ಪತ್ರೆಗೆ ಊಟವಾದ ಆ ಕಾಲವನ್ನು ನೆನೆದರೆ ಇಂದಿನ ನಿಯಮದ ತೂಕ ನನಗೆ ಅರ್ಥವಾಗುತ್ತದೆ.

ಅದೇ ಗುಡಿಸಲಿನಲ್ಲಿ ಇನ್ನೊಂದು ದಿನ ಒಬ್ಬ ಮುದುಕರು ನಾನು ಯಾವ ಕಡೆಯವಳೆಂದು ಕೇಳಿ, ಕರ್ನಾಟಕ ಎಂದದ್ದೇ, “ಭೀಮೇಶ್ವರಿ!” ಎಂದರು. ಹರೆಯದಲ್ಲಿ ಕಾವೇರಿಯ ಮಹಶೀರ್ ಹಿಡಿಯಲು ಅಲ್ಲಿಗೆ ಹೋಗಿದ್ದರಂತೆ. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನಿನ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿಗೆ ಬಂದಿದೆ ಎಂದು 2018ರಲ್ಲಿ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಘವಾದ ಐಯುಸಿಎನ್ ಪಟ್ಟಿ ಮಾಡಿತು. ಮುದುಕರು ಅದನ್ನು ಹೇಳುವಾಗ ಸೂಪಿನ ಬಟ್ಟಲನ್ನು ಕೆಳಗಿಟ್ಟರು. ನನ್ನ ನಾಡಿನ ಮೀನಿಗಾಗಿ ಸಂಕಟಪಡುವ ಪರದೇಶಿಯೊಬ್ಬರನ್ನು ನಾನು ಕಂಡದ್ದು ಅದೇ ಮೊದಲು.

ಮಾರ್ಚ್ 15ಕ್ಕೆ ಟ್ರೌಟ್ ಕಾಲ ತೆರೆದರೆ ಅದೇ ನದಿ ಇನ್ನೊಂದು ನದಿಯಾಗುತ್ತದೆ. ಊರಿನ ಸಂಘದ ಚೀಟಿ ಕೆಲವೇ ಪೌಂಡಿಗೆ ಸಿಗುತ್ತದೆ. ಒಂದೇ ಕೈಯ ಹಗುರ ಕೋಲು ಸಾಕು. ಕಂದು ಟ್ರೌಟ್ ಇಲ್ಲೇ ಹುಟ್ಟಿ ಇಲ್ಲೇ ಉಣ್ಣುವ ಮೀನು. ಚಳಿಗಾಲವಿಡೀ ಸೊರಗಿದ ಅದಕ್ಕೆ ಮಾರ್ಚಿನ ಕೊನೆಯಲ್ಲಿ ನದಿಯೇ ಉಣಬಡಿಸುತ್ತದೆ. ನಡುಹಗಲು ಹನ್ನೆರಡರಿಂದ ಮೂರರವರೆಗೆ, ಬಿಸಿಲು ತುಸು ಏರಿದಾಗ, ಮಾರ್ಚ್ ಬ್ರೌನ್ ಎಂಬ ನೀರುನೊಣದ ಮರಿಗಳು ತಳದ ಕಲ್ಲು ಬಿಟ್ಟು ಮೇಲೆ ಬಂದು ಚಿಪ್ಪು ಕಳಚುತ್ತವೆ. ಟೇ, ಟ್ವೀಡ್, ಸ್ಪೇಯಂಥ ರಭಸದ ಕಲ್ಲುನದಿಗಳ ಹುಳು ಅದು. ಕಲೆಕಲೆಯ ರೆಕ್ಕೆಯನ್ನು ಹಾಯಿಯ ಹಾಗೆ ನೆಟ್ಟಗೆ ಹಿಡಿದು, ಒಣಗುವವರೆಗೆ ಹರಿವಿನ ಮೇಲೆ ತೇಲುತ್ತದೆ. ಮೊದಲು ಒಂದೆರಡು. ಮೀನು ಅವನ್ನು ಗಮನಿಸುವುದೇ ಇಲ್ಲ. ಆಮೇಲೆ ಒಮ್ಮೆಗೇ ನೂರಾರು. ಆಗ ಒಂದು ಮೂತಿ ಮೇಲೆ ಬರುತ್ತದೆ, ಇನ್ನೊಂದು, ಮತ್ತೊಂದು. ನಿಮಿಷದಲ್ಲಿ ಹರಿವೆಲ್ಲ ಕುದಿಯುತ್ತದೆ. ಹತ್ತು ನಿಮಿಷಕ್ಕೆ ಎಲ್ಲ ನಿಂತು, ಮತ್ತೆ ಅರ್ಧ ಗಂಟೆ ಬಿಟ್ಟು ಇನ್ನೊಂದು ಅಲೆ.

ಇಲ್ಲಿ ಕಾಯುವಂತಿಲ್ಲ. ಟ್ರೌಟ್ ಹುಸಿನೊಣವನ್ನು ಬಾಯಿಗೆ ಹಾಕಿಕೊಂಡದ್ದೇ ತಿಳಿದು ಉಗಿಯುತ್ತದೆ, ಆ ಕ್ಷಣದಲ್ಲೇ ಮಣಿಕಟ್ಟು ಎತ್ತಬೇಕು. ಬೆಳಿಗ್ಗೆ ಸಾಲ್ಮನ್‌ಗೆ ಕಲಿತ ತಾಳ್ಮೆಯನ್ನು ಮಧ್ಯಾಹ್ನ ಟ್ರೌಟ್‌ಗೆ ಬದಿಗಿಡಬೇಕು. ಒಂದೇ ದಿನ, ಒಂದೇ ನೀರಲ್ಲಿ, ಕೈಗೆ ಎರಡು ಸ್ವಭಾವ ಬೇಕು. ಈ ಎರಡರ ನಡುವೆ ಓಡಾಡುವ ಆ ಎರಡು ಮೂರು ವಾರಗಳಲ್ಲಿ ನಾನು ಬದುಕುವಷ್ಟು ಎಚ್ಚರವಾಗಿ ವರ್ಷದ ಬೇರೆ ಯಾವಾಗಲೂ ಬದುಕುವುದಿಲ್ಲ.

ಅಪ್ಪಯ್ಯ ಬಂದದ್ದು ಅಂಥ ಒಂದು ಮಾರ್ಚ್ ಕೊನೆಯಲ್ಲಿ. ಅಮ್ಮ ತೀರಿಕೊಂಡ ಮೇಲೆ ಊರಲ್ಲಿ ಒಬ್ಬರೇ ಇದ್ದರು. ಅಡಿಕೆ ಕೊಯ್ಲು ಮುಗಿದಿತ್ತು, ಒತ್ತಾಯ ಮಾಡಿ ಕರೆಸಿಕೊಂಡೆ. ಕಿವಿ ಮುಚ್ಚುವ ಟೋಪಿ, ನನ್ನ ದಪ್ಪ ಕೋಟು ಹಾಕಿಕೊಂಡು ದಂಡೆಯ ಬೆಂಚಿನ ಮೇಲೆ ಕೂತು ಇಡೀ ಬೆಳಿಗ್ಗೆ ನೋಡಿದರು. ಅಂದು ದೋಣಿಯಲ್ಲಿದ್ದ ಇನ್ನೊಬ್ಬರಿಗೆ ಸಾಲ್ಮನ್ ಬಂತು. ಗಿಲ್ಲಿಯವರು ಅಪ್ಪಯ್ಯನನ್ನು ಹತ್ತಿರ ಕರೆದು ನೀರಲ್ಲೇ ತೋರಿಸಿದರು.

“ಎಂತಾ ಮೀನೇ ಇದು?”

“ಸಾಲ್ಮನ್, ಅಪ್ಪಯ್ಯ. ಕಡಲಿಂದ ಹತ್ತಿ ಬರೋದು, ಮೇಲಿನ ಹಳ್ಳದಲ್ಲಿ ಮೊಟ್ಟೆ ಇಡಕ್ಕೆ.”

“ಹಂಗಾರೆ ಹತ್ತುಮೀನೇ ಅನ್ನು.”

ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಜೂನ್ ತಿಂಗಳ ಮೊದಲ ಮಳೆಗೆ ಹೊಳೆ ಕೆಂಪಗೆ ಏರಿದಾಗ, ಮೊಟ್ಟೆ ತುಂಬಿದ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ. ಆ ರಾತ್ರಿಗಳಲ್ಲಿ ಮಲೆನಾಡು ಮಲಗುವುದಿಲ್ಲ. ಬ್ಯಾಟರಿ, ಕತ್ತಿ, ಬಿದಿರಿನ ಕೂಣಿ ಹಿಡಿದು ಊರೆಲ್ಲ ಗದ್ದೆ ಬದುಗಳ ಮೇಲೆ. ಬೆಳಿಗ್ಗೆ ಮನೆಮನೆಯಲ್ಲೂ ಮೀನುಸಾರು, ಅಕ್ಕಿರೊಟ್ಟಿ. ನಾನೂ ಕಂಬಳಿಕೊಪ್ಪೆಯೊಳಗೆ ಅಪ್ಪಯ್ಯನ ಹಿಂದೆ ಹೋದವಳೇ. ಆ ಸಾರಿನ ರುಚಿಯನ್ನು ನಾನು ಇಂದೂ ಅಲ್ಲಗಳೆಯುವುದಿಲ್ಲ. ಆದರೆ ಆ ಮೀನುಗಳು ಒಂದೊಂದೂ ಒಂದು ಹಳ್ಳದ ಮುಂದಿನ ವರ್ಷವನ್ನು ಹೊಟ್ಟೆಯಲ್ಲಿ ಹೊತ್ತು ಬಂದಿದ್ದವು.

ಅಪ್ಪಯ್ಯ ಮಧ್ಯಾಹ್ನ ಊಟದ ಹೊತ್ತಿಗೆ ಕೇಳಿದರು. “ಅಲ್ಲ ಮಾರಾಯ್ತಿ, ತಿನ್ನಕ್ಕಲ್ಲ ಅಂದ್ಮೇಲೆ ಹಿಡಿಯದು ಎಂತಕ್ಕೆ? ಶೃಂಗೇರೀಲಿ ಮಂಡಕ್ಕಿ ಹಾಕಿ ನೋಡ್ತಾರಲ, ಹಂಗೆ ನೋಡ್ಬಹುದಲ?”

ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ. ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಗಾಳ ಮೀನಿಗೆ ಹಿಂಸೆಯೇ. ಮುಳ್ಳಿಲ್ಲದ ಗಾಳ ಹಾಕಿ, ಬೇಗ ದಂಡೆಗೆ ತಂದು, ನೀರಲ್ಲೇ ಇಟ್ಟು ಬಿಟ್ಟರೆ ತಣ್ಣೀರಿನ ತಿಂಗಳುಗಳಲ್ಲಿ ಬಹುತೇಕ ಮೀನು ಬದುಕುತ್ತವೆ. ನೀರು ಬಿಸಿಯಾದಷ್ಟೂ ಅಪಾಯ ಏರುತ್ತದೆ, ಅದಕ್ಕೇ ಬೇಸಿಗೆಯ ಬತ್ತಿದ ಹೊಳೆಯಲ್ಲಿ ನಾನು ಕೋಲು ಮುಟ್ಟುವುದಿಲ್ಲ. ಶೃಂಗೇರಿಯ ಮೀನಿಗೆ ದೇವರ ಕಾವಲಿದೆ, ಊರಿನ ಭಯಭಕ್ತಿಯಿದೆ. ಟೇ ನದಿಯ ಮೀನಿಗೆ ಅದಿಲ್ಲ. ಇಲ್ಲಿ ಅದನ್ನು ಕಾಯುವವರು ಗಾಳ ಹಾಕುವ ಜನವೇ. ಅವರು ಕೊಡುವ ಬಾಡಿಗೆಯಿಂದ ಗಿಲ್ಲಿಗಳಿದ್ದಾರೆ, ಬೀಟಿನ ಒಡೆಯರು ಕಟ್ಟುವ ಹಣದಿಂದ ನದಿ ಮಂಡಳಿ ನಡೆಯುತ್ತದೆ. ಸಿಕ್ಕ ಪ್ರತಿ ಮೀನನ್ನೂ ದಿನಾಂಕ ಹಾಕಿ ಬರೆದಿಡುವ ಪುಸ್ತಕ ಪ್ರತಿ ಬೀಟಿನಲ್ಲೂ ಇದೆ. ಮೀನು ಕಡಿಮೆಯಾದದ್ದು ನಾಡಿಗೆ ತಿಳಿದದ್ದು ಅಂಥ ಪುಸ್ತಕಗಳಿಂದ. ಫೆಬ್ರವರಿಯ ಹೊಳೆಗೆ ದಿನವೂ ಇಳಿಯುವವರಿಲ್ಲದಿದ್ದರೆ, ಫೆಬ್ರವರಿಯ ಮೀನು ಇಲ್ಲವಾದ ದಿನ ಯಾರಿಗೂ ಗೊತ್ತಾಗುವುದಿಲ್ಲ.

ಅಪ್ಪಯ್ಯ ಒಪ್ಪಿದರೆಂದು ಹೇಳಲಾರೆ. “ಹೂಂ” ಎಂದರು. ಆಮೇಲೆ ಗಿಲ್ಲಿಯವರನ್ನು ನನ್ನ ಮೂಲಕ ಕೇಳಿದರು: ನೆರೆ ಬಂದಾಗ ಮೀನು ಎಲ್ಲಿ ನಿಲ್ಲುತ್ತದೆ? ದಂಡೆಯ ಒತ್ತಿಗೆ, ಮರದ ಬೇರಿನ ಅಡಿಗೆ, ಎಂದರು ಗಿಲ್ಲಿಯವರು. ನಮ್ಮಲ್ಲೂ ಅಷ್ಟೇ, ಎಂದರು ಅಪ್ಪಯ್ಯ. ಆ ಮೇಲೆ ಇಬ್ಬರೂ ಸಂಜೆಯವರೆಗೆ ದೋಣಿಯಲ್ಲಿ ಒಂದೇ ಹಲಗೆಯ ಮೇಲೆ ಕೂತಿದ್ದರು.

ಮರುದಿನ ಪಿಟ್ಲಾಕ್ರಿಗೆ ಕರೆದುಕೊಂಡು ಹೋದೆ. ಟೇ ನದಿಯ ಕವಲಾದ ಟಮ್ಮೆಲ್‌ಗೆ ಅಲ್ಲಿ ಜಲವಿದ್ಯುತ್ ಅಣೆಕಟ್ಟು ಕಟ್ಟಿದಾಗ, 1950ರ ಸುಮಾರಿಗೆ, ಮೀನು ಹತ್ತಲು ಪಕ್ಕದಲ್ಲಿ 34 ತೊಟ್ಟಿಗಳ ಏಣಿ ಮಾಡಿದರು. 310 ಮೀಟರ್ ಉದ್ದ. ಅಪ್ಪಯ್ಯ ಒಂದೊಂದು ತೊಟ್ಟಿಯನ್ನೂ ಬಗ್ಗಿ ನೋಡುತ್ತ ನಡೆದರು. ಇನ್ನೂ ಮೇಲೆ ಗ್ಯಾರಿ ಎಂಬ ಕವಲಿದೆ. ಅದರ ಮೇಲ್ಪಾತ್ರದ ನೀರನ್ನೆಲ್ಲ ವಿದ್ಯುತ್ತಿಗೆಂದು ಬೇರೆಡೆ ತಿರುಗಿಸಿ, ದಶಕಗಳ ಕಾಲ ಹೆದ್ದಾರಿಯ ಪಕ್ಕದಲ್ಲಿ ಬರೀ ಬಂಡೆಯ ಹೊಳೆ ಮಲಗಿತ್ತು. ಈಗ ಅಲ್ಲಿಗೆ ಮತ್ತೆ ನೀರು ಬಿಡುತ್ತಿದ್ದಾರೆ. “ಎಷ್ಟು ಕರೆಂಟು ಬಿಟ್ಕೊಟ್ರೇ ಇದಕ್ಕೆ?” ಎಂದು ಅಪ್ಪಯ್ಯ ಕೇಳಿದರು. ಹೊಳೆಯಿಂದ ಕರೆಂಟು ತೆಗೆದದ್ದನ್ನು ಕಂಡ ಜಿಲ್ಲೆಯವರಿಗೆ, ಕರೆಂಟು ಬಿಟ್ಟು ಹೊಳೆ ಮಾಡಿದ್ದನ್ನು ನಂಬಲು ಹೊತ್ತು ಹಿಡಿಯಿತು. ಕಾರಿನಿಂದ ಇಳಿದು ಹೋಗಿ ನೀರು ಮುಟ್ಟಿ ಬಂದರು.

ಅದಾದ ಮೇಲಿನ ವರ್ಷಗಳು ಒಳ್ಳೆಯವಲ್ಲ. 2023ರಲ್ಲಿ ಇಡೀ ಸ್ಕಾಟ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್ ಸುಮಾರು 33,000. 1952ರಲ್ಲಿ ಲೆಕ್ಕ ಇಡಲು ಶುರು ಮಾಡಿದಂದಿನಿಂದ ಅಷ್ಟು ಕಡಿಮೆ ಎಂದೂ ಇರಲಿಲ್ಲ. ಅದೇ ಡಿಸೆಂಬರಿನಲ್ಲಿ ಐಯುಸಿಎನ್ ಬ್ರಿಟನ್ನಿನ ಸಾಲ್ಮನ್ ಮೀನನ್ನು ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿತು. ಕಡಲು ಬಿಸಿಯಾಗಿದೆ, ಹೋದ ಮರಿಗಳಲ್ಲಿ ಮರಳುವುವು ಹಿಂದಿಗಿಂತ ಬಹಳ ಕಡಿಮೆ. ಕಡಲನ್ನು ಸರಿಮಾಡುವುದು ನಮ್ಮ ಕೈಯಲ್ಲಿಲ್ಲ. ಮೇಲಿನ ಹಳ್ಳಗಳನ್ನು ತಣ್ಣಗಿಡುವುದು ಸ್ವಲ್ಪ ಇದೆ. ಶತಮಾನಗಳಿಂದ ಕುರಿ, ಜಿಂಕೆ ಮೇಯ್ದು ಬೋಳಾದ ಗುಡ್ಡಗಳ ನಡುವೆ ಅವು ಬಿಸಿಲಿಗೆ ಬಿದ್ದಿವೆ. ಆದ್ದರಿಂದ ಈಗ ಚಳಿಗಾಲ ಮುಗಿಯುವ ಮುನ್ನ, ಚಿಗುರೊಡೆಯುವುದರೊಳಗೆ, ಆಲ್ಡರ್, ವಿಲ್ಲೋ, ಬರ್ಚ್ ಗಿಡ ನೆಡಲು ಹೋಗುತ್ತೇವೆ. ಗಿಲ್ಲಿಯವರು ಕೆಲಸದಿಂದ ನಿವೃತ್ತರಾಗಿ ಮಂಡಿನೋವು ಹಿಡಿದಿದ್ದರೂ ಬರುತ್ತಾರೆ, ಬೇಲಿಯ ಗೂಟ ಹೊಡೆಯುವುದು ಅವರ ಕೆಲಸ. ಬೇಲಿಯಿಲ್ಲದಿದ್ದರೆ ಜಿಂಕೆ ಒಂದು ವಾರವೂ ಉಳಿಸುವುದಿಲ್ಲ.

ಇದನ್ನೆಲ್ಲ ಅಪ್ಪಯ್ಯನಿಗೆ ಫೋನಿನಲ್ಲಿ ಹೇಳುತ್ತೇನೆ. ನೀರಿಂದ ಎಷ್ಟು ದೂರಕ್ಕೆ ನೆಟ್ಟಿರಿ ಎಂದು ಕೇಳುತ್ತಾರೆ. ತೀರ ಒತ್ತಿಗೇ, ಎಂದರೆ, ನೆರೆಗೆ ಕಿತ್ತುಹೋಗುತ್ತದೆ, ಇನ್ನೊಂದು ಸಾಲು ಹಿಂದಕ್ಕೂ ಇರಲಿ, ಎನ್ನುತ್ತಾರೆ. ಈ ವರ್ಷ ಎರಡು ಸಾಲು ನೆಟ್ಟಿದ್ದೇವೆ.